ಹಲಗೆ, ಜಿಗ್ಗು, ದಮಾಮಿ

ಹುಲ್ಲಿನ ಉರಿಗೆ ಹಲಗೆ ಹಿಡಿದು ಕಾಯಿಸುತ್ತಾರೆ. ಬೆರಳ ತುದಿಯಿಂದ ತಟ್ಟಿ ನೋಡಿ, ಮತ್ತೊಂದಿಷ್ಟು ಕಾಯಿಸಿ, ಚರ್ಮ ಬಿಗಿಯಾಯಿತೆಂದ ಮೇಲೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಶುರು. ಬಾಗಲವಾಡ, ಮಾನ್ವಿ, ದೇವದುರ್ಗದ ಸೀಮೆಯವರಿಗೆ ಮೊಹರಂ ಎಂದರೆ ಈ ಸದ್ದು. ಪೀರಲ ದೇವರ ಮುಂದೆ ಕುಣಿಯುವವರಲ್ಲಿ ಹಿಂದೂಗಳೇ ಹೆಚ್ಚಿರುವ ಊರುಗಳೂ ಇಲ್ಲಿವೆ.

ಐರಿಷರ ಬೌರಾನ್ ನೋಡಿದರೆ ಹಲಗೆಯ ತಮ್ಮನೇ ಸರಿ: ದುಂಡು ಚೌಕಟ್ಟು, ಮೇಕೆ ಚರ್ಮ, ಬಡಿಯಲೊಂದು ಪುಟ್ಟ ಕೋಲು. ಅವರ ಜಿಗ್ ಕುಣಿತದಲ್ಲಿ ಸೊಂಟದ ಮೇಲಿನ ಭಾಗ ಅಲುಗುವುದಿಲ್ಲ, ಮಾತೆಲ್ಲ ಪಾದದ್ದು. 1840ರ ದಶಕದ ನ್ಯೂಯಾರ್ಕಿನಲ್ಲಿ, ಫೈವ್ ಪಾಯಿಂಟ್ಸ್ ಎಂಬ ಕೊಳಕು ಕೇರಿಯಲ್ಲಿ, ಬಡ ಐರಿಷರೂ ಕರಿಯರೂ ಅಕ್ಕಪಕ್ಕ ಬದುಕಿದರು. ಜಿಗ್‌ಗೆ ಆಫ್ರಿಕಾ ಮೂಲದ ಜೂಬಾ ಕುಣಿತದ ತಾಳ ಸೇರಿತು. 1842ರಲ್ಲಿ ಅಲ್ಲಿ ಕರಿಯ ಯುವಕನೊಬ್ಬನ ಕುಣಿತ ಕಂಡು ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಬೆರಗಾಗಿ ಬರೆದ. ಅವನೇ ‘ಜೂಬಾ’ ಎಂದು ಹೆಸರಾದ ವಿಲಿಯಂ ಹೆನ್ರಿ ಲೇನ್ ಎನ್ನುತ್ತಾರೆ. ಇವತ್ತಿನ ಟ್ಯಾಪ್ ನೃತ್ಯದ ಒಂದು ಬೇರು ಆ ಕೇರಿಯಲ್ಲಿದೆ. ದೊಡ್ಡವರು ಏರ್ಪಡಿಸಿದ ಯಾವ ಸಾಂಸ್ಕೃತಿಕ ಉತ್ಸವವೂ ಇಷ್ಟು ಕೆಲಸ ಮಾಡಿದ್ದನ್ನು ನಾನು ಕಾಣೆ.

ನಮ್ಮಲ್ಲೂ ಆಫ್ರಿಕಾ ಇದೆ, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಲ್ಲಿ. ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಸೇರಿದವರ ಸಂತತಿ ಸಿದ್ದಿಗಳು. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಮತದವರಿದ್ದಾರೆ. ದಮಾಮಿ ಮಾತ್ರ ಎಲ್ಲರದ್ದು. ಹಲಗೆಯ ಚಟಚಟಕ್ಕೆ ಒಗ್ಗಿದ ನಮ್ಮ ಕಿವಿಗೆ ಅದು ದಪ್ಪ ದನಿ. ಮರ ಕೊರೆದು ಚರ್ಮ ಬಿಗಿದ ವಾದ್ಯ, ಬರಿಗೈ ಏಟು. ಭುಜ, ಸೊಂಟ ಎರಡೂ ಕುಣಿಯುತ್ತವೆ. ಹೆಂಗಸರ ಕುಣಿತ ಪುಗಡಿ.

ಇಲ್ಲಿಗೂ ಒಬ್ಬ ಐರಿಷ್ ಕವಿ ಬಂದಿದ್ದಾನೆ, ಸುತ್ತು ದಾರಿಯಲ್ಲಿ. ನೈಜೀರಿಯಾದ ಚಿನುವಾ ಅಚಿಬೆ ತನ್ನ 1958ರ ಕಾದಂಬರಿಗೆ ಯೇಟ್ಸ್‌ನ ಪದ್ಯದಿಂದ ಹೆಸರು ಎತ್ತಿಕೊಂಡ. ಅದೇ ಕಾದಂಬರಿ 1980ರ ದಶಕದಲ್ಲಿ ನೀನಾಸಂ ರಂಗಸಂಸ್ಥೆಯ ಚಿದಂಬರರಾವ್ ಜಂಬೆಯವರ ಕೈಯಲ್ಲಿ ‘ಕಪ್ಪು ಜನ ಕೆಂಪು ನೆರಳು’ ನಾಟಕವಾಯಿತು. ಆಡಿದವರು ಮಂಚಿಕೇರಿಯ ಸಿದ್ದಿಗಳು. ಕಾದಂಬರಿಯಲ್ಲಿ ಕುಸ್ತಿಯ ದಿನ ದೂರದ ನಗಾರಿ ಕೇಳಿದ್ದೇ ನಾಯಕ ಒಕೊಂಕ್ವೊನ ಪಾದ ತಾಳಕ್ಕೆ ಅಲುಗುತ್ತದೆ. ದಮಾಮಿ ಕೇಳುತ್ತ ಬೆಳೆದ ನಟನಿಗೆ ಆ ಜಾಗದಲ್ಲಿ ನಿರ್ದೇಶಕರು ಹೇಳಿಕೊಡುವಂಥದ್ದೇನೂ ಇದ್ದಿರಲಾರದು.