ಎಂಬತ್ತು ರೂಪಾಯಿಯ ಲೆಕ್ಕ

1959ರ ಮಾರ್ಚ್ 15ರಂದು ಮುಂಬೈನ ಗಿರಗಾಂವ್‌ನಲ್ಲಿ ಏಳು ಹೆಂಗಸರು ತಾರಸಿಯ ಮೇಲೆ ಕೂತು ನಾಲ್ಕು ಪಾಕೀಟಿನಷ್ಟು ಹಪ್ಪಳ ಲಟ್ಟಿಸಿದರು. ಬಂಡವಾಳ 80 ರೂಪಾಯಿ, ಅದೂ ಸಾಲದ್ದು. 2019ರ ಹೊತ್ತಿಗೆ ಆ ಲಿಜ್ಜತ್ ಹಪ್ಪಳದ ವಹಿವಾಟು ವರ್ಷಕ್ಕೆ ಸುಮಾರು 1,600 ಕೋಟಿ ರೂಪಾಯಿ. ಭಾಗಿಸಿ ನೋಡಿ: ಇಪ್ಪತ್ತು ಕೋಟಿ ಪಟ್ಟು! ಏಳು ಮಂದಿ ಇದ್ದವರು ಹೆಚ್ಚುಕಡಿಮೆ 45 ಸಾವಿರ ಆಗಿದ್ದರು.

ಸಾಂಗ್ಲಿ ಜಿಲ್ಲೆಯಲ್ಲಿ ವಾರಣಾ ನದಿಯ ದಂಡೆಯ ನಮ್ಮ ಸಮಡೋಳಿಯಲ್ಲೂ ಕೈಗುಣಕ್ಕೆ ಬರವಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಅಕ್ಕಂದಿರು ಹಪ್ಪಳ, ಶೇಂಗಾ ಚಟ್ನಿ, ಮಸಾಲೆ ಖಾರ ಎಲ್ಲ ಮಾಡಬಲ್ಲರು. ಬರ ಇರುವುದು ಲೆಕ್ಕ ಕಲಿಸುವವರದ್ದು. ಒಂದು ಕಿಲೋ ಹಪ್ಪಳಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳಿ ನೋಡಿ. ಉದ್ದಿನ ಹಿಟ್ಟು, ಪಾಪಡಖಾರ, ಮೆಣಸು, ಎಣ್ಣೆ, ಪ್ಲಾಸ್ಟಿಕ್ ಚೀಲ ಎಲ್ಲ ಬೆರಳೆಣಿಸಿ ಹೇಳುತ್ತಾರೆ. ಲಟ್ಟಿಸಿದ ಕೂಲಿ ಮಾತ್ರ ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಆ ಕೂಲಿ ಎಷ್ಟಾದೀತು? ದಿನಕ್ಕೆ ನಾಲ್ಕು ತಾಸು, ತಾಸಿಗೆ 50 ರೂಪಾಯಿ ಎಂದು ಹಿಡಿಯೋಣ. 300 ದಿನಕ್ಕೆ 60,000 ರೂಪಾಯಿ. ದೇಶದಲ್ಲಿ ಬಚತ್ ಗಟಗಳಿಗೆ, ಅಂದರೆ ಸ್ವಸಹಾಯ ಸಂಘಗಳಿಗೆ, ಸೇರಿದ ಹೆಂಗಸರು ಸುಮಾರು 10 ಕೋಟಿ. ಅವರೆಲ್ಲರೂ ಹೀಗೆ ತಮ್ಮ ಕೂಲಿ ಬಿಟ್ಟುಕೊಟ್ಟರೆ ವರ್ಷಕ್ಕೆ 6 ಲಕ್ಷ ಕೋಟಿ ರೂಪಾಯಿ! ಇದು ನನ್ನ ಅಂದಾಜಿನ ಗುಣಾಕಾರ; ಅರ್ಧಕ್ಕರ್ಧ ಕಡಿತ ಮಾಡಿದರೂ 3 ಲಕ್ಷ ಕೋಟಿ ಉಳಿಯುತ್ತದೆ.

ಈ ಲೆಕ್ಕ ಕಲಿಸುವ ದೊಡ್ಡ ಶಾಲೆಯೊಂದು ಹುಟ್ಟಿದ್ದು ಕನ್ನಡ ನಾಡಿನಲ್ಲೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆ ತೆರೆದರು. ಅದೇ ಮಾದರಿಯನ್ನು ಕೇಂದ್ರ ಸರಕಾರ ದೇಶಕ್ಕೆಲ್ಲ ಹಬ್ಬಿಸಿತು. ಈಗ ಇಂಥ ಕೇಂದ್ರಗಳು ಸುಮಾರು 600. ಕಲಿತವರು 50 ಲಕ್ಷಕ್ಕೂ ಹೆಚ್ಚು. 2011ರ ಗಣತಿಯಲ್ಲಿ ಸಾಂಗ್ಲಿ ಜಿಲ್ಲೆಯ ಜನ 28 ಲಕ್ಷ ಚಿಲ್ಲರೆ. ತೊಟ್ಟಿಲ ಕೂಸನ್ನೂ ಬಿಡದೆ ಇಡೀ ಜಿಲ್ಲೆಗೆ ಪಾಠ ಹೇಳಿದರೂ ಆ 50 ಲಕ್ಷ ಮುಟ್ಟಲಾಗದು! ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿಯ ತರಬೇತಿ ಹತ್ತೇ ದಿನದ್ದು. ಅದರ ಜೀವ ಇರುವುದು ಆಮೇಲಿನ ಎರಡು ವರ್ಷದ ಬೆಂಬಲದಲ್ಲಿ ಎನ್ನುವುದು ನನ್ನ ನಂಬಿಕೆ. ಸಾಲ ಸಿಕ್ಕಿತೆ, ಮಾಲು ಹೋಯಿತೆ, ಎಲ್ಲಿ ಸಿಕ್ಕಿಕೊಂಡಿತು ಎಂದು ಕೇಳುವವರು ಬೇಕು.

ಕಲಿತ ಲೆಕ್ಕ ಏನು ಮಾಡೀತು ಎನ್ನುವುದಕ್ಕೆ ಪಕ್ಕದ ಸಾತಾರಾ ಜಿಲ್ಲೆಯ ಮ್ಹಸವಡ ಸಾಕು. ಅಲ್ಲಿ ಚೇತನಾ ಸಿನ್ಹಾ ಹೆಂಗಸರ ಸಹಕಾರಿ ಬ್ಯಾಂಕ್ ತೆರೆಯಲು ಅರ್ಜಿ ಹಾಕಿದಾಗ, ಸದಸ್ಯರಿಗೆ ಓದುಬರಹ ಬಾರದೆಂದು ರಿಸರ್ವ್ ಬ್ಯಾಂಕ್ ತಿರಸ್ಕರಿಸಿತು. ಆ ಹೆಂಗಸರು ಓದು ಕಲಿತು ಮತ್ತೆ ಹೋದರು. ಎಷ್ಟೇ ಅಸಲಿನ ಬಡ್ಡಿ ಕೇಳಿ, ಕ್ಯಾಲ್ಕ್ಯುಲೇಟರ್ ಇಲ್ಲದೆ ಹೇಳುತ್ತೇವೆ ಎಂದು ಅಧಿಕಾರಿಗಳಿಗೇ ಸವಾಲು ಹಾಕಿದರು. 1997ರಲ್ಲಿ ಮಾಣ್‌ದೇಶಿ ಬ್ಯಾಂಕ್ ಶುರುವಾಯಿತು.

ಸಾಂಗ್ಲಿಯಲ್ಲೂ ಬ್ಯಾಂಕ್ ಆಫ್ ಇಂಡಿಯಾ ನಡೆಸುವ ಇಂಥದೇ ತರಬೇತಿ ಕೇಂದ್ರವಿದೆ. ಫೀ ಇಲ್ಲ, ಊಟ, ವಸತಿ ಉಚಿತ. ಮನೆಯಲ್ಲಿ 18 ತುಂಬಿದ ಮಗಳೋ ಸೊಸೆಯೋ ಇದ್ದರೆ ಹತ್ತು ದಿನದ ಮನೆಗೆಲಸ ನೀವು ಹೊತ್ತುಕೊಳ್ಳಿ, ಅವಳನ್ನು ಕಳಿಸಿಕೊಡಿ.