ಕಾಲಮಾಪಕ ಯಂತ್ರಗಳಲ್ಲಿ ಉಷ್ಣಜನ್ಯ ದೋಷಗಳ ಶೋಧನೆ

ಬೇಸಗೆಯಲ್ಲಿ ಗಡಿಯಾರವು ಹಿಂದೆ ಬೀಳುವುದು ಹಳೆಯ ಸಂಗತಿಯೇ. ಉಕ್ಕಿನ ದಂಡವುಳ್ಳ ಲೋಲಕದ ಗಡಿಯಾರವು, ಉಷ್ಣತೆಯು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ, ದಿನಕ್ಕೆ ಸುಮಾರು ಅರ್ಧ ಸೆಕೆಂಡನ್ನು ಕಳೆದುಕೊಳ್ಳುವುದು. ಲೋಲಕದ ಸ್ಥಾನಕ್ಕೆ ಸ್ಫಟಿಕವು ಬಂದ ಮೇಲೆ ಈ ದೋಷವು ಬಹಳ ಕುಗ್ಗಿತಾದರೂ ಅಳಿದುಹೋಗಲಿಲ್ಲ. ಕೈಗಡಿಯಾರದ ಸ್ಫಟಿಕವು ಸೆಕೆಂಡಿಗೆ 32,768 ಸಲ ಕಂಪಿಸುವುದಷ್ಟೆ. ಆ ವೇಗವು 25 ಡಿಗ್ರಿಯ ಸುಮಾರಿನಲ್ಲಿ ಅತ್ಯಧಿಕವಾಗಿದ್ದು, ಅದಕ್ಕಿಂತ ಕಾದರೂ ತಣಿದರೂ ಕುಂದುವುದು. 40 ಡಿಗ್ರಿಯಲ್ಲಿ ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಸೆಕೆಂಡು ಹಿಂದೆ ಬೀಳುವುದು.

ಮನೆಯ ಗಡಿಯಾರಕ್ಕೆ ಇದು ಅಲ್ಪವೇ ಸರಿ; ಮೊಬೈಲ್ ಗೋಪುರಕ್ಕೆ ಹಾಗಲ್ಲ. ಒಂದೇ ತರಂಗದಲ್ಲಿ ಸರದಿಯಂತೆ ಕಳುಹಿಸುವ ಮತ್ತು ಸ್ವೀಕರಿಸುವ ಜಾಲಗಳಲ್ಲಿ ಕಾಲವು 1.5 ಮೈಕ್ರೋಸೆಕೆಂಡಿಗಿಂತ ಹೆಚ್ಚು ತಪ್ಪಕೂಡದು. ಉಪಗ್ರಹದ ಸಂಕೇತವು ಇದನ್ನು ತಿದ್ದುತ್ತಿರುವುದು. ಅದು ನಿಂತಾಗ ಗೋಪುರದಲ್ಲಿರುವ ಸ್ಫಟಿಕವೇ ಆಧಾರ. ಸ್ಫಟಿಕದ ತಪ್ಪು ಸಾವಿರ ಕೋಟಿಯಲ್ಲಿ ಒಂದು ಪಾಲಾಗಿದ್ದರೆ ಈ ಮಿತಿಯನ್ನು ಮುಟ್ಟಲು ನಾಲ್ಕು ಗಂಟೆಗೂ ಮೇಲ್ಪಟ್ಟು ಕಾಲ ಹಿಡಿಯುವುದು. ಕಾವಿನಿಂದ ತಪ್ಪು ಹತ್ತು ಪಟ್ಟು ಬೆಳೆದರೆ 25 ನಿಮಿಷಗಳೇ ಸಾಕು. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿಗಳ ಮಾರ್ಗವಾಗಿ ರಾಮದುರ್ಗದತ್ತ ಸಾಗಿದಂತೆ ಮಲೆನಾಡಿನ ಸೆರಗು ಹಿಂದಾಗಿ ಬಯಲಿನ ಬಿಸಿಲು ಬಲಿಯುವುದು. ಅಲ್ಲಿ ಹೊಲದಂಚಿನ ಲೋಹದ ಪೆಟ್ಟಿಗೆಯ ಒಳಗು ಹೊರಗಣ ಗಾಳಿಗಿಂತ ಬಹಳವಾಗಿ ಕಾಯುವುದು.

ಇದನ್ನು ತಡೆಯಲೆಂದೇ ಉತ್ತಮ ಸ್ಫಟಿಕವನ್ನು ಸಣ್ಣದೊಂದು ಉಷ್ಣಗೂಡಿನಲ್ಲಿರಿಸಿ, ಹೊರಗಿನ ಪರಮಾವಧಿ ಬಿಸಿಗಿಂತಲೂ ಮೇಲಾದ ಒಂದೇ ಉಷ್ಣತೆಯಲ್ಲಿ ಕಾಪಾಡುವರು. ಈ ಗೂಡು ಬಿಸಿಮಾಡಬಲ್ಲುದು, ತಂಪುಮಾಡಲಾರದು. ಆದುದರಿಂದ ಶೋಧಕನು ಮೊದಲು ನೋಡತಕ್ಕದ್ದು ಗೂಡಿನ ವಿದ್ಯುತ್ಪ್ರವಾಹವನ್ನು. ಹಗಲೇರಿದಂತೆ ಅದು ಇಳಿಯುವುದು ಸಹಜ; ನಡುಹಗಲಲ್ಲಿ ಸೊನ್ನೆಗೆ ಇಳಿದರೆ ಸ್ಫಟಿಕವು ಗೂಡಿನ ಅಂಕೆ ತಪ್ಪಿದೆಯೆಂದರ್ಥ. ತಂಪಾದ ಹೊತ್ತಿನಲ್ಲಿಯೂ ಸದಾ ಪೂರ್ಣವಾಗಿಯೇ ಹರಿಯುತ್ತಿದ್ದರೆ ಗೂಡೇ ಕೆಟ್ಟಿರಬಹುದು.

ಎರಡನೆಯದಾಗಿ, ಕಾಲದ ತಪ್ಪನ್ನೂ ಪೆಟ್ಟಿಗೆಯ ಉಷ್ಣತೆಯನ್ನೂ ಕೆಲವು ಅಹೋರಾತ್ರಿ ಜೊತೆಯಾಗಿ ಬರೆದಿಡಬೇಕು. ವೇಗದ ವ್ಯತ್ಯಾಸವು ಹಗಲು ಬೆಳೆದು ಇರುಳು ಕುಗ್ಗಿದರೆ ಅದು ಉಷ್ಣಜನ್ಯ; ದಿನೇ ದಿನೇ ಒಂದೇ ದಿಕ್ಕಿಗೆ ಮೆಲ್ಲನೆ ಸರಿದರೆ ಸ್ಫಟಿಕದ ವಯೋಧರ್ಮ; ಒಮ್ಮೆಗೇ ಜಿಗಿದರೆ ಬೆಸುಗೆಯ ಬಿರುಕೋ ವಿದ್ಯುತ್ತಿನ ಏರುಪೇರೋ ಇರಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಯಂತ್ರವನ್ನು ಕಳಚಿ ನೆರಳಿನ ಮೇಜಿನ ಮೇಲಿಟ್ಟೊಡನೆ ಅದು ತಣಿಯುವುದು, ದೋಷವೂ ಅಡಗುವುದು. ಆಗ ‘ದೋಷವಿಲ್ಲ’ವೆಂದು ಮರಳಿಸುವುದು, ಇಲ್ಲವೆ ಸ್ಫಟಿಕವನ್ನೇ ಬದಲಿಸುವುದು, ಎರಡೂ ವ್ಯರ್ಥ. ಎರೆಮಣ್ಣಿನ ಧೂಳಿನಿಂದ ಬೀಸಣಿಗೆ ಕಟ್ಟಿಕೊಂಡಿದ್ದರೆ ಹೊಸ ಸ್ಫಟಿಕವೂ ಮರುಮಧ್ಯಾಹ್ನವೇ ತಪ್ಪುವುದು. ಆದ್ದರಿಂದ ಧೂಳನ್ನೂ ಗಾಳಿಯ ದಾರಿಯನ್ನೂ ಮೊದಲು ಪರೀಕ್ಷಿಸಿ, ದೋಷವು ತೋರಿದ ಸ್ಥಳದಲ್ಲಿ, ತೋರಿದ ಹೊತ್ತಿನಲ್ಲಿಯೇ ಅದನ್ನು ಅರಸಬೇಕು. ಬೇಸಗೆಯ ನಡುಹಗಲಲ್ಲಿ ಹೊಲದಲ್ಲಿ ಕುಸಿದವನಿಗಾಗಿ 108ಕ್ಕೆ ಮಾಡುವ ಕರೆಯೂ ಅದೇ ಹೊತ್ತಿನಲ್ಲಿ, ಅದೇ ಗೋಪುರವನ್ನೇ ನೆಚ್ಚಿರುವುದು.