ಪಹಣಿ ಹರಿದರೆ ಗದ್ದೆ ಹೋದೀತೇ?



ನಾನಿರುವುದು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ. ಕಂಪ್ಯೂಟರ್ ಕಂಪನಿಗಳು ತುಂಬಿರುವ, ಹೆಸರಿನಲ್ಲೇ ಸಿಲಿಕಾನ್ ಇರುವ ಜಾಗ. ಆದರೆ ನಾನು ಅಕೌಂಟೆಂಟ್. ನನಗೆ ಕಂಪ್ಯೂಟರ್ ಎಂದರೆ ಎಕ್ಸೆಲ್ ಶೀಟ್, ಅಷ್ಟೇ. ಅಂಥವನು ಹಾರ್ಡ್ ಡಿಸ್ಕಿಗೆ ಕೈ ಹಾಕಿ ಒಂದು ರಾತ್ರಿ ನಿದ್ದೆಗೆಟ್ಟ ಕಥೆ ಇದು. ನಿಮಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. 2012ರಲ್ಲಿ ಬೆಂಗಳೂರಿನಿಂದ ತಂದ ನಮ್ಮ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವಲ್ಲ. ಎಸೆಯಲು ಮನಸ್ಸಿಲ್ಲ. "ಲಿನಕ್ಸ್ ಮಿಂಟ್ ಹಾಕೋಣ ಅಪ್ಪಾ, ದುಡ್ಡೇನೂ ಬೇಡ" ಎಂದ ಮಗ. ವಿಂಡೋಸೂ ಇರಲಿ, ಲಿನಕ್ಸೂ ಇರಲಿ ಎಂದು ಡಿ ಡ್ರೈವ್ ಕುಗ್ಗಿಸಿ 60 ಜಿಬಿ ಜಾಗ ಬಿಡಿಸಿದೆ. ಪೆನ್ ಡ್ರೈವ್‌ನಿಂದ ಮಿಂಟ್ ಶುರು ಮಾಡಿದರೆ, ಆ 60 ಜಿಬಿಯ ಎದುರು 'ಅನ್‌ಯೂಸಬಲ್' ಎಂದು ಬರೆದಿತ್ತು! ಜಾಗ ಇದೆ, ಆದರೆ ಮನೆ ಕಟ್ಟುವಂತಿಲ್ಲ.

ಕಾರಣ ಆಮೇಲೆ ತಿಳಿಯಿತು. ಹಳೆಯ ಡಿಸ್ಕುಗಳಲ್ಲಿ ಎಂಬಿಆರ್ ಪದ್ಧತಿ. ಡಿಸ್ಕಿನ ಮೊದಲ 512 ಬೈಟಿನೊಳಗೆ 64 ಬೈಟಿನ ಒಂದು ಪಟ್ಟಿ. ಅದರಲ್ಲಿ ನಾಲ್ಕೇ ನಾಲ್ಕು ಹಿಸ್ಸೆ ಬರೆಯಬಹುದು. ನಮ್ಮದರಲ್ಲಿ ಸಿಸ್ಟಮ್, ಸಿ, ಡಿ ಮತ್ತು ಕಂಪನಿಯವರು ಕೊಟ್ಟಿದ್ದ ವಿಂಡೋಸ್ 7ರ ರಿಕವರಿ ಸೇರಿ ನಾಲ್ಕೂ ಭರ್ತಿ. ಐದನೆಯ ಮಗನಿಗೆ ಪಾಲಿಲ್ಲ!

ಬೇಡದ ರಿಕವರಿ ಪಾಲನ್ನು ತೆಗೆಯೋಣವೆಂದು ಜಿಪಾರ್ಟೆಡ್ ತೆರೆದೆ. ರಾತ್ರಿ ಹನ್ನೊಂದರ ಅಮಲು. ಎಸ್‌ಡಿಎ4 ಅಳಿಸುವ ಬದಲು ಎಸ್‌ಡಿಎ3 ಅಳಿಸಿ 'ಅಪ್ಲೈ' ಒತ್ತಿದೆ. ಡಿ ಡ್ರೈವ್ ಮಾಯ! ಮಗಳ ಅಕ್ಷರಾಭ್ಯಾಸದ ಫೋಟೋಗಳು, ನಮ್ಮ ರಾಜ್ಯೋತ್ಸವಗಳಲ್ಲಿ ಮಕ್ಕಳು ಆಡಿದ ನಾಟಕಗಳ ವಿಡಿಯೋಗಳು, ಅಮ್ಮ ಇಲ್ಲಿಗೆ ಬಂದಿದ್ದಾಗ ಹಾಡಿದ ಹಸೆ ಹಾಡುಗಳು, ಎಲ್ಲ ಅದರಲ್ಲೇ. ಬೇರೆಲ್ಲೂ ಪ್ರತಿ ಇಲ್ಲ. ಹೆಂಡತಿಗೆ ಹೇಳುವ ಧೈರ್ಯವಾಗಲಿಲ್ಲ.

ಬೆಳಗಿನ ಐದಕ್ಕೆ ಸಾಗರಕ್ಕೆ ಫೋನ್ ಮಾಡಿದೆ. ಊರಲ್ಲಿ ಆಗ ಆರೂವರೆ. ಅಪ್ಪ ಗ್ರಾಮಲೆಕ್ಕಿಗರಾಗಿ ನಿವೃತ್ತರಾದವರು. ಎಲ್ಲ ಕೇಳಿ ಅಂದರು: "ಅಲ್ಲ ಮಾರಾಯ, ಪಹಣಿ ಹರಿದ್ರೆ ಗದ್ದೆ ಎಲ್ಲಿಗೆ ಹೋಗುತ್ತೆ? ಬದು ಅಲ್ಲೇ ಇರುತ್ತಲ್ಲ. ಅಳೆದು ಮತ್ತೆ ಬರೆಸಿದ್ರಾಯ್ತು. ಅಲ್ಲೀತನಕ ಬೇರೆಯವರು ಉಳದಂಗೆ ನೋಡ್ಕೋ."

ಕಂಪ್ಯೂಟರ್ ಮುಟ್ಟದ ಅಪ್ಪ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ಅಳಿಸಿದ್ದು ಪಟ್ಟಿಯ ಒಂದು ಸಾಲನ್ನು ಮಾತ್ರ. ಕಡತಗಳು ಇದ್ದಲ್ಲೇ ಇದ್ದವು. ಅವುಗಳ ಮೇಲೆ ಹೊಸದೇನನ್ನೂ ಬರೆಯಬಾರದು, ಅಷ್ಟೇ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಆ ಬದುಗಳನ್ನು ಹುಡುಕುತ್ತದೆ. 'ಅನಲೈಸ್', ಆಮೇಲೆ 'ಕ್ವಿಕ್ ಸರ್ಚ್' ಕೊಟ್ಟೆ. ಡಿ ಡ್ರೈವಿನ ಹೆಸರು ಬಂತು. 'ಪಿ' ಒತ್ತಿದರೆ ಕಡತಗಳ ಪಟ್ಟಿಯೇ ಎದುರಿಗೆ! ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ 'ರೈಟ್' ಒತ್ತಿದೆ. ಮತ್ತೆ ಚಾಲೂ ಮಾಡಿದಾಗ ಡಿ ಡ್ರೈವ್ ಸ್ವಸ್ಥಾನದಲ್ಲಿತ್ತು. ಅಮ್ಮನ ಹಾಡು ಹಾಕಿದೆ. ನಿದ್ದೆಗಣ್ಣಲ್ಲಿ ಎದ್ದು ಬಂದ ಹೆಂಡತಿ, "ಇದೇನ್ರೀ ಬೆಳಿಗ್ಗೆ ಬೆಳಿಗ್ಗೆ?" ಎಂದಳು. ಆಗ ಹೇಳಿದೆ.

ಮುಂದಿನದು ಸುಲಭ. ಈ ಸಲ ಗಾತ್ರ ಎರಡೆರಡು ಬಾರಿ ನೋಡಿ ರಿಕವರಿ ಪಾಲನ್ನು ತೆಗೆದೆ. ಆ ಜಾಗ ಪಕ್ಕದ 60 ಜಿಬಿಯೊಂದಿಗೆ ಕೂಡಿಕೊಂಡಿತು. ಅಲ್ಲಿ 'ಎಕ್ಸ್‌ಟೆಂಡೆಡ್' ಪಾಲು ಮಾಡಿ, ಅದರೊಳಗೆ ಮಿಂಟ್ ಹಾಕಿದೆವು. ಎಕ್ಸ್‌ಟೆಂಡೆಡ್ ಎಂದರೆ ನಾಲ್ಕನೆಯ ಹಿಸ್ಸೆಯೊಳಗೆ ಮತ್ತೆ ಪೋಡಿ ಮಾಡಿದಂತೆ. ಎಷ್ಟು ತುಂಡಾದರೂ ಆದೀತು.

ನೀವು ಹಾಕುವುದಾದರೆ ಈ ಮಾತುಗಳನ್ನು ಮರೆಯಬೇಡಿ:

1. ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ನಾನು ಮಾಡದೇ ಕೆಟ್ಟೆ.
2. ವಿಂಡೋಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ತೆಗೆದು, 'ಚೆಕ್‌ಡಿಸ್ಕ್' ಓಡಿಸಿ, ಪೂರ್ತಿ ಶಟ್‌ಡೌನ್ ಮಾಡಿ.
3. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.
4. ಐದನೆಯ ಪಾಲು ಮಾಡಹೋದಾಗ ವಿಂಡೋಸ್ 'ಡೈನಾಮಿಕ್ ಡಿಸ್ಕ್' ಮಾಡಲೇ ಎಂದು ಕೇಳಿದರೆ ಬೇಡವೆನ್ನಿ. ಲಿನಕ್ಸ್ ಹಾಕುವುದು ಮತ್ತಷ್ಟು ಕಷ್ಟವಾಗುತ್ತದೆ.
5. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಜಿಪಿಟಿ ಪದ್ಧತಿ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಅವಕಾಶವಿರುವುದರಿಂದ ಈ ನಾಲ್ಕರ ತೊಡಕಿಲ್ಲ.
6. ಎಸ್‌ಎಸ್‌ಡಿಯಲ್ಲಿ ಪಾಲು ಫಾರ್ಮ್ಯಾಟ್ ಆಗಿಬಿಟ್ಟರೆ ಕಡತಗಳು ಮರಳುವ ಆಸೆ ತೀರಾ ಕಡಿಮೆ. ಅಲ್ಲಿ ಬದುವೂ ಉಳಿಯುವುದಿಲ್ಲ.

ಈ ಲೇಖನವನ್ನು ಅದೇ ಹಳೆಯ ಲ್ಯಾಪ್‌ಟಾಪಿನಲ್ಲಿ, ಮಿಂಟ್‌ನಲ್ಲೇ ಇರುವ ಕಗಪ ಕೀಲಿಮಣೆಯಲ್ಲಿ ಕುಟ್ಟಿದ್ದೇನೆ. ನಾಟಕದ ವಿಡಿಯೋಗಳು ಈಗ ಎರಡು ಕಡೆ ಭದ್ರವಾಗಿವೆ. ನಿಮ್ಮ ಮಕ್ಕಳೂ ಅದರಲ್ಲಿದ್ದರೆ ಒಂದು ಪೆನ್ ಡ್ರೈವ್ ಹಿಡಿದು ಮನೆಗೆ ಬನ್ನಿ. ಕಾಫಿ ಕುಡಿಯುತ್ತಾ ನೋಡೋಣ.

ಸಿರಿಗನ್ನಡಂ ಗೆಲ್ಗೆ.